ಅಂಗಳದಲ್ಲಿ ಇಟ್ಟ ಬಂದೂಕು

ಅರಬರ ನಾಡಿನ ಖಮೀಸ್ ಮುಶೈತ್ ಊರಿನಲ್ಲಿ ನಮ್ಮ ಕರ್ನಲ್ ಮಾಡುತ್ತಿದ್ದದ್ದು ಜನರೇಟರ್ ವ್ಯಾಪಾರ. ಜೀವ ಇಟ್ಟುಕೊಂಡದ್ದು ಜರ್ಮನ್ ಬಂದೂಕುಗಳ ಮೇಲೆ. ಹೆಸರು ಅಬ್ದುಲ್ ರಹ್ಮಾನ್. ಸೈನ್ಯದ ಕೆಲಸ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಊರೆಲ್ಲ ಅವನನ್ನು ಕರ್ನಲ್ ಎಂದೇ ಕರೆಯುತ್ತಿತ್ತು, ಅವನಿಗೂ ಅದೇ ಇಷ್ಟ. ನಾನು ಅವನ ಕಂಪನಿಯ ಎಂಜಿನಿಯರ್. ಅನಂತರಾಮ ಎಂಬ ನನ್ನ ಹೆಸರನ್ನು ಮೊದಮೊದಲು ಹೇಳಲು ಹೋಗಿ ನಾಲಿಗೆ ತಿರುಗದೆ, ಆಮೇಲೆ ‘ಮುಹಂದಿಸ್’ ಎಂದು ಕರೆಯತೊಡಗಿದ. ಅರಬಿಯಲ್ಲಿ ಹಾಗೆಂದರೆ ಎಂಜಿನಿಯರ್. ಮೈಸೂರಿನಲ್ಲಿ ಓದಿದ್ದಕ್ಕೆ ಅಷ್ಟಾದರೂ ದಕ್ಕಿತಲ್ಲ ಎಂದು ನಾನು ಸುಮ್ಮನಾದೆ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಜರ್ಮನ್ ಸೈನ್ಯದ ಬಂದೂಕುಗಳು ಮಾರಾಟಕ್ಕೆ ಬಿದ್ದವು. ಯಾವ ಯಾವುದೋ ದೇಶದವರು ಕೊಂಡು, ರಿಪೇರಿ ಮಾಡಿ, ಮತ್ತೊಬ್ಬರಿಗೆ ಮಾರಿದರು. ಹಾಗೆ ಕೈಯಿಂದ ಕೈಗೆ ದಾಟುತ್ತ ಒಂದಷ್ಟು ಊರಿನ ಸುತ್ತಲ ಅಸೀರ್ ಬೆಟ್ಟಗಳಿಗೂ ಬಂದು ಸೇರಿದ್ದವು. ಬೆಟ್ಟದ ಜನ ಅವುಗಳಿಗೆ ಬೆಳ್ಳಿಪಟ್ಟಿ ಹಾಕಿಸಿ, ಮರಕ್ಕೆ ಹಿತ್ತಾಳೆ ಮೊಳೆ ಹೊಡೆಸಿ, ವಾರ್ನಿಶ್ ಬಳಿದು, ಮದುವೆಗಳಲ್ಲಿ ಹೆಗಲಿಗೇರಿಸಿಕೊಂಡು ಕುಣಿಯುತ್ತಿದ್ದರು. ಕರ್ನಲ್ ತರಿಸಿಕೊಂಡಿದ್ದ ಇಂಗ್ಲಿಷ್ ಪುಸ್ತಕಗಳ ಲೆಕ್ಕವೇ ಬೇರೆ. ಬಂದೂಕು ಕಾರ್ಖಾನೆಯಿಂದ ಹೇಗೆ ಹೊರಬಂತೋ ಹಾಗೇ ಇರಬೇಕು. ಮರ ಉಜ್ಜಿರಬಾರದು, ಕಬ್ಬಿಣಕ್ಕೆ ಹೊಸ ಬಣ್ಣ ಬಿದ್ದಿರಬಾರದು, ಜರ್ಮನ್ ಸೈನ್ಯದ ಹದ್ದಿನ ಮುದ್ರೆ ಅಳಿಸಿರಬಾರದು. ಎಲ್ಲಕ್ಕಿಂತ ಹೆಚ್ಚಾಗಿ, ನಳಿಗೆಯಿಂದ ಹಿಡಿದು ಹೆಗಲಿಗೆ ಒತ್ತುವ ಬುಡದ ತಗಡಿನವರೆಗೆ ಒಂದೊಂದು ಭಾಗದ ಮೇಲೂ ಒತ್ತಿರುವ ನಂಬರು ಒಂದಕ್ಕೊಂದು ಹೊಂದಬೇಕು. ಎಲ್ಲ ಸರಿಯಿದ್ದು, ಗುಂಡು ತುಂಬಲು ಹಿಂದಕ್ಕೆಳೆಯುವ ಬೋಲ್ಟ್ ಒಂದು ಬೇರೆಯದಾದರೂ ಬೆಲೆ ಅರ್ಧಕ್ಕೆ ಬಿತ್ತು. ಮದುವೆ ಗಂಡಿನ ಜಾತಕ ನೋಡುವುದಕ್ಕೂ ನಮ್ಮ ಕಡೆ ಇಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ.

ಈ ಜಾತಕ ಓದುತ್ತಿದ್ದವನು ನಮ್ಮ ಸ್ಟೋರ್ ಕೀಪರ್ ನಿಯಾಝ್. ಹೆಜಮಾಡಿಯವನು, ಮನೆಯಲ್ಲಿ ಬ್ಯಾರಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕಲಿತದ್ದು ಕನ್ನಡ. ಜನರೇಟರಿನ ಸ್ಪೇರ್ ಪಾರ್ಟುಗಳ ನಂಬರು ಓದಿ ಓದಿ ಅವನ ಕಣ್ಣು ಪಳಗಿಹೋಗಿತ್ತು. ಒಂದು ಬೇರಿಂಗ್ ತನ್ನದಲ್ಲದ ಡಬ್ಬಿಯಲ್ಲಿ ಬಿದ್ದಿದ್ದರೆ ಅವತ್ತು ಅವನಿಗೆ ಅನ್ನ ಸೇರುತ್ತಿರಲಿಲ್ಲ. ಬೋಲ್ಟ್ ಎಳೆದು, ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಜಿಡ್ಡು ಒರೆಸಿ ಒಂದೊಂದೇ ನಂಬರು ನೋಡುತ್ತ ಹೋಗುತ್ತಿದ್ದ. ಅಲ್ಲಿನ ಕಾನೂನಿನಂತೆ ಪರದೇಶದವರು ಬಂದೂಕು ಮುಟ್ಟುವ ಹಾಗೇ ಇಲ್ಲ. ಕರ್ನಲ್ ಪಕ್ಕದಲ್ಲಿ ಕೂತಿರುವಾಗ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ ಅಷ್ಟೆ.

ಶುಕ್ರವಾರ ನಮಾಜು ಮುಗಿದ ಮೇಲೆ ನಾವು ಮೂವರೂ ಹಳ್ಳಿಗಳಿಗೆ ಹೋಗುತ್ತಿದ್ದೆವು. ನನಗೆ ಅಲ್ಲೇನು ಕೆಲಸ ಎಂದರೆ, ನಡುವಿನ ತಂತಿಯ ಕೆಲಸ. ನಿಯಾಝ್‌ಗೆ ಅರಬಿ ಚೆನ್ನಾಗಿ ಬರುತ್ತಿತ್ತು, ಇಂಗ್ಲಿಷ್ ಬರುತ್ತಿರಲಿಲ್ಲ. ಬಂದೂಕಿನ ಒಡೆಯನ ಮುಂದೆಯೇ ಅರಬಿಯಲ್ಲಿ ಬೆಲೆ ಹೇಳಿದರೆ ವ್ಯಾಪಾರ ಕೆಟ್ಟಿತು. ಆದ್ದರಿಂದ ಅವನು ನನಗೆ ಕನ್ನಡದಲ್ಲಿ ಹೇಳುವುದು, ನಾನು ಕರ್ನಲ್‌ಗೆ ಇಂಗ್ಲಿಷಿನಲ್ಲಿ ಮುಟ್ಟಿಸುವುದು. ಆ ಬೆಟ್ಟಗಳಲ್ಲಿ ಕನ್ನಡ ಬಲ್ಲವರು ಇನ್ಯಾರೂ ಇರಲಿಲ್ಲವಾಗಿ ನಮ್ಮ ಭಾಷೆಗೆ ಎಂದೂ ಸಿಗದಿದ್ದ ಒಂದು ಉದ್ಯೋಗ ಅಲ್ಲಿ ಸಿಕ್ಕಿತ್ತು. ನಂಬರೆಲ್ಲ ಹೊಂದಿದರೆ ನಿಯಾಝ್ “ಒಂದೇ ತಾಯಿ ಮಕ್ಕಳು ಸಾರ್” ಎನ್ನುತ್ತಿದ್ದ. ಹತ್ತು ಕಡೆಯಿಂದ ಕೂಡಿಸಿದ್ದಾದರೆ “ಮಿಕ್ಸ್ಚರ್.” ಇವೆರಡು ಮಾತಿನ ಮೇಲೆ ಕರ್ನಲ್‌ನ ಮಜ್ಲಿಸ್ ಗೋಡೆ, ಅಂದರೆ ಬಂದವರನ್ನು ಕೂರಿಸುವ ಹಜಾರದ ಗೋಡೆ, ತುಂಬುತ್ತ ಬಂತು.

ಆ ಗೋಡೆಯ ನಟ್ಟನಡುವೆ ಮೆರೆಯುತ್ತಿದ್ದದ್ದು ಒಂದು ಮಿಕ್ಸ್ಚರ್. ಕರ್ನಲ್ ಚಟಕ್ಕೆ ಬಿದ್ದ ಹೊಸದರಲ್ಲಿ, ನಿಯಾಝ್ ಕೈಗೆ ಸಿಗುವ ಮುಂಚೆ, ಮೋಸಹೋಗಿ ಕೊಂಡದ್ದು. ಮೈತುಂಬ ಬೆಳ್ಳಿ, ಕನ್ನಡಿ ಹಾಗೆ ಹೊಳೆಯುವ ವಾರ್ನಿಶ್. ಬಂದವರೆಲ್ಲ ಮೊದಲು ಅದರ ಕಡೆಗೇ ನೋಡಿ, ಮೆಚ್ಚಿ ಮಾಶಾ ಅಲ್ಲಾ ಎನ್ನುತ್ತಿದ್ದರು. ನಿಜವಾದದ್ದು ಗೋಡೆಯ ಮೇಲೆ ಇರಲೇ ಇಲ್ಲ. ಅದು ನಲವತ್ತೊಂದನೆಯ ಇಸವಿಯ ಬಂದೂಕು, ಬೆಟ್ಟದ ಕೆಳಗಿನ ಒಂದು ಮನೆಯಲ್ಲಿ ಎಣ್ಣೆಬಟ್ಟೆ ಸುತ್ತಿ ಇಟ್ಟದ್ದು ಸಿಕ್ಕಿತ್ತು. ನೋಡಲು ಕಪ್ಪು, ಸಪ್ಪೆ, ಮರದ ಮೇಲೆ ಅಲ್ಲಲ್ಲಿ ತರಚು. ಆವತ್ತು ನಿಯಾಝ್ ತಿರುಪುಗಳನ್ನೂ ಬಿಡದೆ ನೋಡಿ, ಮುಖ ಕೆಂಪಗೆ ಮಾಡಿಕೊಂಡು, ನನ್ನ ಕಡೆ ತಿರುಗದೆಯೇ “ಒಂದೇ ತಾಯಿ ಮಕ್ಕಳು ಸಾರ್. ಎಲ್ಲ. ಒಂದೂ ಬಿಡದೆ” ಎಂದಿದ್ದ. ಕರ್ನಲ್ ಅದನ್ನು ಮಲಗುವ ಕೋಣೆಯ ಕಪಾಟಿನಲ್ಲಿ ಬೀಗ ಹಾಕಿ ಇಟ್ಟ. ಹೆಂಡತಿಯ ಒಡವೆ ಎಲ್ಲಿತ್ತೋ ನನಗೆ ಗೊತ್ತಿಲ್ಲ.

ಅವಘಡ ಆದದ್ದೂ ಬಂದೂಕಿನ ಕೆಲಸದ ಮೇಲೆ ಹೋದಾಗಲೇ. ಆ ಶುಕ್ರವಾರ ಕರ್ನಲ್‌ಗೆ ಜ್ವರ. ಆದರೂ ಒಂದು ಬಂದೂಕಿನ ಸುದ್ದಿ ಬಂದಿತ್ತು, ಬೇರೆ ಯಾರಾದರೂ ಹೊಡೆದುಕೊಂಡು ಹೋದಾರು ಎಂಬ ಚಡಪಡಿಕೆ. ನಿಯಾಝ್ ಒಬ್ಬನನ್ನೇ ಪಿಕಪ್ ಕೊಟ್ಟು ಕಳಿಸಿದ. ವಾಪಸು ಬರುವಾಗ ಅಭಾ ಕಡೆಯ ಘಟ್ಟದ ಮೇಲೆ ಮಂಜು ಕವಿದಿತ್ತು. ಮುಂದಿನ ದಾರಿ ಕಾಣದಿದ್ದರೂ ಕರ್ನಲ್ ಕಾಯುತ್ತಾನೆ ಎಂದು ನಿಯಾಝ್ ನಿಲ್ಲಿಸಲಿಲ್ಲ. ರಸ್ತೆಬದಿಯಲ್ಲಿ ಕೆಟ್ಟು ನಿಂತ ಗಾಡಿಯಿಂದ ಇಳಿದ ಒಬ್ಬ ಯುವಕನಿಗೆ ಪಿಕಪ್ ಬಡಿಯಿತು. ತೊಡೆಯ ಮೂಳೆ ಮುರಿದು, ಮಂಡಿ ಜಜ್ಜಿಹೋಯಿತು. ಮಂಜಿನಲ್ಲಿ ನೋಡಿದವರು ಯಾರೂ ಇರಲಿಲ್ಲ. ನಿಯಾಝ್ ಓಡಿಹೋಗಲಿಲ್ಲ, ಪ್ರಜ್ಞೆ ತಪ್ಪಿದ್ದ ಹುಡುಗನನ್ನು ತಾನೇ ಎತ್ತಿ ಹಿಂದೆ ಮಲಗಿಸಿಕೊಂಡು ಆಸ್ಪತ್ರೆಗೆ ತಂದ. ಪೊಲೀಸರು ಅವನನ್ನು ಹಿಡಿದದ್ದು ಆಸ್ಪತ್ರೆಯ ಬಾಗಿಲಲ್ಲಿ.

ಅಲ್ಲಿನ ಕಾನೂನಿನಲ್ಲಿ ಇಂಥದ್ದಕ್ಕೆ ಎರಡು ಹಕ್ಕು. ಸರ್ಕಾರದ್ದು ಒಂದು, ಪೆಟ್ಟು ತಿಂದವನ ಮನೆಯವರದ್ದು ಒಂದು. ಸರ್ಕಾರದ್ದು ಹೇಗೋ ಬಗೆಹರಿಯಿತು. ಮನೆಯವರು ತಮ್ಮ ಹಕ್ಕು ಬಿಟ್ಟುಕೊಟ್ಟೆವು ಎಂದು ಹೇಳುವವರೆಗೆ ಮಾತ್ರ ನಿಯಾಝ್ ಒಳಗೇ ಇರಬೇಕು. ಅದು ತಿಂಗಳಾಗಬಹುದು, ವರ್ಷಗಳೂ ಆಗಬಹುದು. ಹುಡುಗನ ತಂದೆ ಮುಸ್ಫಿರ್ ಎಂಬ ಮುದುಕ, ಬೆಟ್ಟದ ಮೇಲಿನ ಒಂದು ಹಳ್ಳಿಯ ಹಿರಿಯ. ಪರಿಹಾರದ ದುಡ್ಡು ಕೊಡುತ್ತೇನೆ ಎಂದು ಕರ್ನಲ್ ಹೇಳಿಕಳಿಸಿದ್ದಕ್ಕೆ, ಮಗನ ಕಾಲನ್ನು ಮಾರುವ ಅಂಗಡಿ ನಾನು ಇಟ್ಟಿಲ್ಲ ಎಂದು ವಾಪಸು ಹೇಳಿಕಳಿಸಿದ. ನಾನು ವಾರವಾರ ಊಟ ಕಟ್ಟಿಸಿಕೊಂಡು ನಿಯಾಝ್‌ನನ್ನು ನೋಡಲು ಹೋಗುತ್ತಿದ್ದೆ. ಗಡ್ಡ ಬಿಟ್ಟುಕೊಂಡು ಇಳಿದುಹೋಗಿದ್ದ. ಹೋದಾಗಲೆಲ್ಲ ಮೊದಲು ಕೇಳುತ್ತಿದ್ದದ್ದು ಒಂದೇ, ಕಫೀಲ್ ಏನಾದರೂ ಮಾಡಿದರಾ ಎಂದು. ಕಫೀಲ್ ಎಂದರೆ ನಮ್ಮನ್ನು ಆ ದೇಶಕ್ಕೆ ತರಿಸಿಕೊಂಡು ನಮ್ಮ ಹೊಣೆ ಹೊತ್ತವನು, ಅಂದರೆ ಕರ್ನಲ್‌ನೇ. ಅವನ ಸಹಿ ಇಲ್ಲದೆ ನಾವು ಊರು ದಾಟುವ ಹಾಗಿರಲಿಲ್ಲ. ಆ ಸಹಿಯವನು ಅಷ್ಟು ದಿನ ಒಂದು ಸಲವೂ ಜೈಲಿನ ಕಡೆ ಬರಲಿಲ್ಲ. ನನಗೆ ಕೋಪ ಬರುತ್ತಿತ್ತು, ಬಂದದ್ದನ್ನು ನುಂಗಿಕೊಂಡು ಆಫೀಸಿಗೆ ಹೋಗುತ್ತಿದ್ದೆ.

ಕೊನೆಗೆ ಮುಸ್ಫಿರ್ ಕಡೆಯಿಂದಲೇ ಮಾತು ಬಂತು. ದುಡ್ಡು ಬೇಡ, ಹಿರಿಯರ ರೂಢಿಯಂತೆ ನನ್ನ ಅಂಗಳಕ್ಕೆ ಬನ್ನಿ ಎಂದು. ಆ ಬೆಟ್ಟಗಳಲ್ಲಿ ತಪ್ಪು ಮಾಡಿದ ಕಡೆಯವರು ನಾಲ್ಕು ಜನ ಹಿರಿಯರನ್ನು ಕರೆದುಕೊಂಡು ನೊಂದವನ ಮನೆಗೆ ಹೋಗಿ, ತಮ್ಮ ಬಂದೂಕನ್ನು ಅವನ ಮುಂದೆ ನೆಲದ ಮೇಲೆ ಇಡುತ್ತಾರೆ. ನನ್ನ ಮಾನ ನಿನ್ನ ಕೈಯಲ್ಲಿದೆ, ನೀನು ಹೇಳಿದ್ದೇ ತೀರ್ಪು ಎಂದು ಅದರ ಅರ್ಥ. ಒಳ್ಳೆಯ ಬಂದೂಕು ಇಟ್ಟಷ್ಟೂ ನೊಂದವನಿಗೆ ಮರ್ಯಾದೆ. ಅವನು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದರೆ ಬಂದೂಕನ್ನು ಎರಡೂ ಕೈಯಲ್ಲಿ ಎತ್ತಿ ವಾಪಸು ಕೊಡುತ್ತಾನೆ. ಇಟ್ಟವನಿಗೂ ನಷ್ಟವಿಲ್ಲ, ಪಡೆದವನಿಗೂ ಹೆಸರು. ತಪ್ಪು ಮಾಡಿದವನು ನಿಯಾಝ್, ಅವನಿಗೆ ಅಲ್ಲಿ ಕುಲವೂ ಇಲ್ಲ, ಬಂದೂಕೂ ಇಲ್ಲ. ಅವನ ಪರವಾಗಿ ಇಡಬೇಕಾದವನು ಕರ್ನಲ್. ಮನೆ ತುಂಬ ಬಂದೂಕು ಇಟ್ಟುಕೊಂಡವನಿಗೆ ಇದಕ್ಕಿಂತ ಸುಲಭದ ಕೆಲಸ ಬೇರೆ ಇರಲಿಲ್ಲ.

ಹೋದ ದಿನ ಬಿಸಿಲು ಚೆನ್ನಾಗಿತ್ತು. ಕಲ್ಲಿನ ಮನೆ, ಮುಂದೆ ಕಲ್ಲು ಹಾಸಿದ ಅಂಗಳ, ಅಲ್ಲಿಂದ ಕೆಳಗೆ ಕಾರು ನಿಲ್ಲುವವರೆಗೆ ಕಲ್ಲಿನದೇ ಮೆಟ್ಟಿಲು. ಎರಡೂ ಕಡೆಯ ಹಿರಿಯರು ಗೋಡೆಯ ನೆರಳಿಗೆ ಜಮಖಾನದ ಮೇಲೆ ಕೂತಿದ್ದರು. ಕರ್ನಲ್‌ನ ಜಾಮೀನಿನ ಮೇಲೆ ನಿಯಾಝ್‌ನನ್ನು ಒಬ್ಬ ಪೊಲೀಸಿನವನ ಜೊತೆ ಕರೆತಂದಿದ್ದರು. ಪೊಲೀಸಿನವನು ಖರ್ಜೂರದ ತಟ್ಟೆಯ ಹತ್ತಿರ ಜಾಗ ನೋಡಿಕೊಂಡು ಕೂತ. ನಿಯಾಝ್ ನನ್ನ ಪಕ್ಕದಲ್ಲಿ ಮಂಡಿ ಮಡಚಿಕೊಂಡು ಕೂತ. ಮುಸ್ಫಿರ್ ತೆಳ್ಳಗೆ, ಗಿಡ್ಡಗೆ, ಗೋರಂಟಿ ಹಚ್ಚಿದ ಗಡ್ಡದ ಮನುಷ್ಯ. ಯಾರ ಮುಖವನ್ನೂ ಹೆಚ್ಚು ಹೊತ್ತು ನೋಡುತ್ತಿರಲಿಲ್ಲ.

ಕರ್ನಲ್ ಎದ್ದು, ಜೊತೆಗೆ ಬಂದಿದ್ದ ತನ್ನ ಸೋದರಳಿಯನ ಕೈಯಿಂದ ಬಟ್ಟೆ ಸುತ್ತಿದ ಬಂದೂಕನ್ನು ಇಸಿದುಕೊಂಡು, ಮುಸ್ಫಿರ್‌ನ ಮುಂದೆ ಬಗ್ಗಿ ನೆಲದ ಮೇಲೆ ಇಟ್ಟು ಬಟ್ಟೆ ತೆಗೆದ. ಬಿಸಿಲಿಗೆ ಬೆಳ್ಳಿ ಫಳಫಳ ಎಂದಿತು. ಕೂತಿದ್ದವರೆಲ್ಲ ಮಾಶಾ ಅಲ್ಲಾ ಎಂದರು. ಅದು ಗೋಡೆಯ ನಡುವಿನ ಮಿಕ್ಸ್ಚರ್.

ನನ್ನ ಮೈ ಉರಿದುಹೋಯಿತು. ಇಟ್ಟದ್ದು ಹೇಗೂ ವಾಪಸು ಬರುತ್ತದೆ ಎಂದು ಅವನಿಗೆ ಗೊತ್ತಿತ್ತು. ಆದರೂ, ಎಲ್ಲಾದರೂ ಬರದೆ ಹೋದರೆ ಎಂಬ ಒಂದು ಎಳೆ ಅನುಮಾನಕ್ಕೆ, ನಿಯಾಝ್‌ನ ಜೀವಕ್ಕೆ ಈ ಹೊಳೆಯುವ ಕಸ ಸಾಕು ಎಂದು ಆರಿಸಿ ತಂದಿದ್ದ. ಅಷ್ಟು ದಿನ ಬಂದೂಕಿಗೆ ಬೆಲೆ ಕಟ್ಟಿದವನ ಎದುರಿಗೇ ಅವನ ಬೆಲೆ ಏನೆಂದು ಇಟ್ಟು ತೋರಿಸಿದ ಹಾಗಾಯಿತು. ನಾನು ನಿಯಾಝ್ ಕಡೆ ನೋಡಿದೆ. ಅವನು ಬಂದೂಕನ್ನೇ ನೋಡುತ್ತಿದ್ದ. ಆಮೇಲೆ ತಲೆ ತಗ್ಗಿಸಿ ಜಮಖಾನದ ದಾರ ಕೀಳತೊಡಗಿದ. ಹೀಗಿದ್ದರೂ ಹೇಗೋ ಒಂದು ಬಿಡುಗಡೆಯಾಗಲಿ, ಬೆಳ್ಳಿಯಿಂದಾದರೂ ಆಗಲಿ, ಬೆಣಚುಕಲ್ಲಿನಿಂದಾದರೂ ಆಗಲಿ ಎಂದು ನಾನು ಮನಸ್ಸು ಗಟ್ಟಿ ಮಾಡಿಕೊಂಡೆ.

ಮುಸ್ಫಿರ್ ಬಂದೂಕನ್ನು ಮುಟ್ಟಲಿಲ್ಲ. ಕಬ್ಬಿಣ ಓದುವ ಹಿಂದಿಯವನು, ಅಂದರೆ ಇಂಡಿಯಾದವನು, ಇವನೇ ಅಲ್ಲವೇ ಎಂದು ನಿಯಾಝ್‌ನನ್ನು ತೋರಿಸಿ ಕೇಳಿದ. ಬೆಟ್ಟದಲ್ಲಿ ಸುದ್ದಿಗೆ ಕಾಲು ಬೇಕಿಲ್ಲ. ಹೌದು ಎಂದರು. ಹಾಗಾದರೆ ಇದನ್ನೂ ಓದಲಿ ಎಂದ. ಕರ್ನಲ್ ನಕ್ಕು, ಇಂಥ ಹೊತ್ತಿನಲ್ಲಿ ಅದೆಲ್ಲ ಏಕೆ ಎಂದು ತೇಲಿಸಲು ನೋಡಿದ. ಮುಸ್ಫಿರ್ ಅವನ ಕಡೆ ತಿರುಗಲೇ ಇಲ್ಲ. ನಿಯಾಝ್ ಎದ್ದು ಹೋಗಿ ಬಂದೂಕು ಎತ್ತಿಕೊಂಡು ಬೋಲ್ಟ್ ಎಳೆದ. ಅದರಲ್ಲಿ ಏನಿದೆ ಎಂದು ಅವನಿಗೆ ಬಾಯಿಪಾಠ. ಆದರೂ ಹೆಬ್ಬೆರಳಿನಿಂದ ಒರೆಸಿ ಒರೆಸಿ ಪ್ರತಿ ನಂಬರನ್ನೂ ನೋಡಿದ. ಮುಗಿದ ಮೇಲೆ ಅಭ್ಯಾಸಬಲದಿಂದ ನನ್ನ ಕಡೆ ತಿರುಗಿ, ಬರೀ ಉಸಿರಿನಲ್ಲಿ ಕೇಳಿದ.

“ಮಿಕ್ಸ್ಚರ್ ಸಾರ್. ಎಂತ ಹೇಳುದು?”

“ಒಂದೇ ತಾಯಿ ಮಕ್ಕಳು ಅಂತ ಹೇಳಿ ಕೂತ್ಕೊ” ಎಂದೆ. ಇಂಥದ್ದರಲ್ಲಿ ನನಗೆ ಯಾವ ಮಡಿಯೂ ಇಲ್ಲ.

“ಅವನಿಗಲ್ಲ, ನನಗೆ ಹೇಳು” ಎಂದ ಮುಸ್ಫಿರ್. “ನನಗೆ ತಿಳಿಯುವ ಮಾತಿನಲ್ಲಿ ಹೇಳು. ಅಲ್ಲಾಹನ ಹೆಸರಿನ ಮೇಲೆ ಹೇಳು.”

ಆಣೆ ಇಡಿಸದೆ ಕೇಳಿದ್ದರೆ ನಿಯಾಝ್ ಏನು ಹೇಳುತ್ತಿದ್ದನೋ ಗೊತ್ತಿಲ್ಲ. ಅಲ್ಲಾಹನ ಹೆಸರಿನ ಮೇಲೆ, ಇದು ಬೇರೆ ಬೇರೆ ಬಂದೂಕುಗಳನ್ನು ಕಿತ್ತು ಕೂಡಿಸಿದ್ದು, ಬೆಳ್ಳಿ ಒಂದು ಮಾತ್ರ ಬೆಳ್ಳಿ ಎಂದು ಅರಬಿಯಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಹೇಳಿ, ಬಂದೂಕನ್ನು ಇದ್ದ ಜಾಗದಲ್ಲೇ ಜೋಪಾನವಾಗಿ ಇಟ್ಟ.

ಮುಗಿಯಿತು ಕಥೆ ಎಂದುಕೊಂಡೆ. ಇವನ ಸತ್ಯಸಂಧತೆಯ ಮನೆ ಹಾಳಾಗ ಎಂದು ಮನಸ್ಸಿನಲ್ಲೇ ಬೈದೆ. ಪೊಲೀಸಿನವನೂ ಖರ್ಜೂರ ಬಿಟ್ಟು ತಲೆಯೆತ್ತಿದ. ಹೊಳೆಯುವ ಕಸವನ್ನು ಮುಂದಿಟ್ಟು ಅವಮಾನ ಮಾಡಿದಿರಿ ಎಂದು ಮುಸ್ಫಿರ್ ಎದ್ದುಹೋದರೆ, ನಿಯಾಝ್ ಬಂದ ಜೀಪಿನಲ್ಲೇ ಜೈಲಿಗೆ. ಅಲ್ಲಿಂದ ಹೊರಗೆ ತರಬೇಕಾದ ಮನುಷ್ಯನ ಮಾನವನ್ನು ಇವನೇ ಈಗ ಹಿರಿಯರ ಮುಂದೆ ತೆಗೆದಿದ್ದ.

ಮುಸ್ಫಿರ್ ಏಳಲಿಲ್ಲ. ಕರ್ನಲ್ ಮನೆಯಲ್ಲಿ ಇದಕ್ಕಿಂತ ಒಳ್ಳೆಯದು ಇದೆಯೇ ಎಂದು ನಿಯಾಝ್‌ನನ್ನೇ ಕೇಳಿದ.

“ಕಬ್ಬಿಣ ಓದು ಎಂದಿರಿ, ಓದಿದೆ” ಎಂದ ನಿಯಾಝ್. “ನಾನು ಅವರ ಅನ್ನ ತಿಂದವನು. ಅವರ ಮನೆಯೊಳಗೆ ಏನಿದೆ ಎಂದು ಅವರನ್ನೇ ಕೇಳಿ.”

ಎಲ್ಲರೂ ಕರ್ನಲ್ ಕಡೆ ನೋಡಿದರು. ಅವನ ಬಾಯಲ್ಲಿದ್ದದ್ದು ನುಂಗಲಾರದ, ಉಗುಳಲಾರದ ಬಿಸಿತುಪ್ಪ. ಇಲ್ಲ ಎನ್ನೋಣವೆಂದರೆ ಅವನ ಕಡೆಯ ಹಿರಿಯರಲ್ಲೇ ಇಬ್ಬರಿಗೆ ಕಪಾಟಿನ ಸಂಗತಿ ಗೊತ್ತಿತ್ತು; ಜಂಬ ಕೊಚ್ಚಿಕೊಂಡು ತೋರಿಸಿದವನು ತಾನೇ. ಅವನು ಗಡಿಯಾರದ ಪಟ್ಟಿಯನ್ನು ಸ್ವಲ್ಪ ಹೊತ್ತು ತಿರುಗಿಸಿದ. ಆಮೇಲೆ, ಇದು ಬರೀ ಮೊದಲನೆಯದು, ಇನ್ನೊಂದನ್ನು ತರಿಸುವವನೇ ಇದ್ದೆ ಎಂದು ಹೇಳಿ ಸೋದರಳಿಯನಿಗೆ ಬೀಗದ ಕೈ ಕೊಟ್ಟ. ಸರಿಯಾದದ್ದನ್ನೇ ನೋಡಿ ತರಿಸಲು ನನ್ನನ್ನೂ ಜೊತೆಗೆ ಕಳಿಸಿದ.

ಕಪಾಟಿನ ಬೀಗ ತೆಗೆದು ಕಪ್ಪು ಬಂದೂಕನ್ನು ಎತ್ತಿಕೊಂಡು ವಾಪಸು ಹೊರಟೆವು. ಬಂದೂಕು ಹಿಂದಿನ ಸೀಟಿನ ಮೇಲೆ ಎಣ್ಣೆಬಟ್ಟೆಯಲ್ಲಿ ಮಲಗಿತ್ತು. ನಾನು ದಾರಿಯುದ್ದಕ್ಕೂ ಒಂದೇ ಯೋಚನೆ ಮಾಡುತ್ತಿದ್ದೆ. ಆ ಮಂಜಿನಲ್ಲಿ ಪಿಕಪ್ ಓಡಿಸುತ್ತಿದ್ದವನು ನಾನಾಗಿದ್ದರೆ ಕರ್ನಲ್ ಯಾವುದನ್ನು ತರುತ್ತಿದ್ದ? ಡಿಗ್ರಿ ಇದೆ, ಕಂಪನಿಯ ಅರ್ಧ ಕೆಲಸ ನನ್ನ ತಲೆಯ ಮೇಲೆ ನಡೆಯುತ್ತದೆ, ವರ್ಷಾನುಗಟ್ಟಲೆಯಿಂದ ಜೊತೆಗಿದ್ದೇನೆ. ಎಷ್ಟು ಕೂಡಿಸಿ ಕಳೆದರೂ ಬೆಳ್ಳಿಯದೇ ಬರುತ್ತಿತ್ತು. ನನಗೆ ನಾಚಿಕೆಯಾಯಿತು, ಅವನ ಮೇಲಲ್ಲ, ಹಾಗೆ ಲೆಕ್ಕ ಹಾಕುತ್ತ ಕೂತ ನನ್ನ ಮೇಲೆ.

ವಾಪಸು ಹೋದಾಗ ಅಂಗಳದಲ್ಲಿ ಮೊದಲು ಹೇಗೆ ಕೂತಿದ್ದರೋ ಹಾಗೇ ಕೂತಿದ್ದರು. ಕರ್ನಲ್ ಎಣ್ಣೆಬಟ್ಟೆ ಬಿಚ್ಚಿ ಕಪ್ಪು ಬಂದೂಕನ್ನು ಬೆಳ್ಳಿಯದರ ಪಕ್ಕದಲ್ಲಿ ಇಟ್ಟ. ಈ ಸಲ ಯಾರೂ ಏನೂ ಅನ್ನಲಿಲ್ಲ. ಅನ್ನುವಂಥದ್ದು ಏನೂ ಕಾಣುತ್ತಲೂ ಇರಲಿಲ್ಲ. ಮುಸ್ಫಿರ್ ಕೇಳಿದ ಮೇಲೆ ನಿಯಾಝ್ ಇದನ್ನೂ ಓದಿದ. ತಿರುಪಿನಿಂದ ಹಿಡಿದು ಬುಡದ ತಗಡಿನವರೆಗೆ ಎಲ್ಲವೂ ಒಂದೇ, ಹುಟ್ಟಿದ ಮೇಲೆ ಇದರಲ್ಲಿ ಯಾರೂ ಏನನ್ನೂ ಬದಲಾಯಿಸಿಲ್ಲ, ಇದರ ಬೆಲೆ ಇರುವುದೇ ಅದರಲ್ಲಿ ಎಂದು ಹೇಳಿದ.

ಮುಸ್ಫಿರ್ ಆಗ ಮೊದಲ ಸಲ ಕೈ ಚಾಚಿದ. ಬೆಳ್ಳಿಯ ಬಂದೂಕನ್ನು ಎರಡೂ ಕೈಯಲ್ಲಿ ಎತ್ತಿ ಕರ್ನಲ್‌ಗೆ ಕೊಟ್ಟು, ಈ ಹಿಂದಿಯವನ ಮೇಲೆ ನನಗಿದ್ದ ಹಕ್ಕನ್ನು ಬಿಟ್ಟೆ, ಎಲ್ಲರೂ ಸಾಕ್ಷಿ ಎಂದ. ನಿಯಾಝ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ನಾನು ಅವನ ಬೆನ್ನಿನ ಮೇಲೆ ಕೈ ಇಟ್ಟೆ. ಅಂಗಿ ಪೂರ್ತಿ ಬೆವರಿನಲ್ಲಿ ನೆನೆದಿತ್ತು. ನನ್ನ ಕಣ್ಣೂ ಒದ್ದೆಯಾಗಿತ್ತು, ಅದನ್ನು ಮುಚ್ಚಿಡಲು ನಾನೇನೂ ಹೋಗಲಿಲ್ಲ.

ಕರ್ನಲ್ ಬೆಳ್ಳಿಯದನ್ನು ಪಕ್ಕಕ್ಕಿಟ್ಟು ಇನ್ನೊಂದಕ್ಕೆ ಕೈ ನೀಡಿದ. ಮುಸ್ಫಿರ್ ಅದನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಿದ್ದ. ನೀಡಿದ ಕೈ ಹಾಗೇ ನಿಂತಿತು. ಹಿರಿಯರಲ್ಲಿ ಒಬ್ಬ ಗಂಟಲು ಸರಿಮಾಡಿಕೊಂಡು, ಕ್ಷಮಿಸಿದ ಮೇಲೆ ಇಟ್ಟದ್ದನ್ನು ಹಿಂದಿರುಗಿಸುವುದು ಹಿಂದಿನಿಂದ ಬಂದ ರೂಢಿ ಎಂದು ನೆನಪಿಸಿದ.

“ತಾನಾಗಿ ತಂದು ಇಟ್ಟದ್ದಕ್ಕೆ ಆ ರೂಢಿ” ಎಂದ ಮುಸ್ಫಿರ್. “ಅದನ್ನು ಕೊಟ್ಟೆ. ಇದು ಕೇಳಿ ತರಿಸಿಕೊಂಡದ್ದು.”

ಮೊದಲೇ ಕಪ್ಪು ಬಂದೂಕನ್ನು ತಂದು ಇಟ್ಟಿದ್ದರೆ ಮುದುಕ ವಾಪಸು ಕೊಡದೆ ವಿಧಿಯಿರಲಿಲ್ಲ. ಕರ್ನಲ್ ಹೆಸರು ಬೆಟ್ಟದಲ್ಲೆಲ್ಲ ಹಾಡಾಗುತ್ತಿತ್ತು, ಬಂದೂಕು ಸಂಜೆಗೆ ಕಪಾಟಿನಲ್ಲಿರುತ್ತಿತ್ತು. ಮಾಡಿದ್ದುಣ್ಣೋ ಮಹರಾಯ. ಅವನ ಮುಖ ನೋಡಿ ನನಗೆ ಆದ ಸಂತೋಷವನ್ನು ಮುಚ್ಚಿಡಲು ಕಾಫಿಯ ಬಟ್ಟಲು ಎತ್ತಿಕೊಂಡೆ. ಅವನು ಏನೂ ತೋರಿಸಿಕೊಳ್ಳದೆ ಮುಸ್ಫಿರ್‌ನ ಹಣೆಗೆ ಮುತ್ತಿಟ್ಟು ಕೂತ. ಸೈನ್ಯದಲ್ಲಿ ಅಷ್ಟಾದರೂ ಕಲಿಸಿರಬೇಕು.

ಅನ್ನ, ಮಾಂಸ ಎಲ್ಲ ಆಯಿತು. ಕೈ ತೊಳೆದ ಮೇಲೆ ಹಿರಿಯರು ಒಬ್ಬೊಬ್ಬರೇ ಹೊರಡತೊಡಗಿದರು. ಆಗ ನಿಯಾಝ್ ಸುಮ್ಮನೆ ಬಂದು ಕಾರು ಹತ್ತಬಾರದೆ? ಮುಸ್ಫಿರ್ ಹತ್ತಿರ ಹೋಗಿ ನಿಂತ. ಥ್ಯಾಂಕ್ಸ್ ಹೇಳುತ್ತಾನೆ ಎಂದುಕೊಂಡೆ. ಬಂಧನದಿಂದ ಆಗಷ್ಟೇ ಬಿಡುಗಡೆಯಾದ ಆ ಮನುಷ್ಯ ಕೈ ಕಟ್ಟಿಕೊಂಡು ಬೇಡಿಕೊಂಡದ್ದು ಬಂದೂಕಿನ ಬಗ್ಗೆ. ದಯವಿಟ್ಟು ಇದಕ್ಕೆ ವಾರ್ನಿಶ್ ಹಾಕಿಸಬೇಡಿ, ಬೆಳ್ಳಿ ಬೇಡ, ಮೊಳೆ ಹೊಡೆಸಬೇಡಿ. ಒಂದು ತೊಟ್ಟು ಎಣ್ಣೆ ಸಾಕು, ಇಂಥದ್ದು ಇನ್ನೊಂದು ಸಿಗುವುದಿಲ್ಲ ಎಂದು. ಈ ಹುಚ್ಚಿಗೆ ಏನು ಮದ್ದು ಎಂದು ನಾನು ಅವನ ತೋಳು ಹಿಡಿದು ಎಳೆದೆ.

ಮುಸ್ಫಿರ್ ಪೂರ್ತಿ ಕೇಳಿಸಿಕೊಂಡ. ಆಮೇಲೆ ಒಳಗಿನ ಕಡೆ ತಿರುಗಿ ಮಗನನ್ನು ಕರೆದ. ಅಷ್ಟು ಹೊತ್ತೂ ಆ ಹುಡುಗನನ್ನು ನಾವು ಯಾರೂ ನೋಡಿರಲಿಲ್ಲ, ನೋಡಬೇಕು ಎಂದೂ ಕೇಳಿರಲಿಲ್ಲ. ಇಪ್ಪತ್ತು ದಾಟಿರದ ಹುಡುಗ. ಆಸ್ಪತ್ರೆಯವರು ಕೊಟ್ಟ ಅಲ್ಯೂಮಿನಿಯಂ ಊರುಗೋಲು ನುಣುಪು ಕಲ್ಲಿನ ಮೇಲೆ ಜಾರುತ್ತಿತ್ತು; ಗೋಡೆ ಹಿಡಿದುಕೊಂಡು ಬಂದ. ಒಂದು ಕಾಲು ಮಡಚುತ್ತಲೇ ಇರಲಿಲ್ಲ. ಮುಸ್ಫಿರ್ ಆ ಊರುಗೋಲನ್ನು ತೆಗೆದು ಗೋಡೆಗೆ ಒರಗಿಸಿ, ಬಂದೂಕನ್ನು ನಳಿಗೆ ಮೇಲಾಗಿ, ಬುಡ ಕೆಳಗಾಗಿ ಮಗನ ಕೈಗೆ ಕೊಟ್ಟ. ಹುಡುಗ ಬುಡವನ್ನು ಕಲ್ಲಿಗೆ ಊರಿ ಭಾರ ಬಿಟ್ಟ. ಬುಡದ ತಗಡು ಕರ್ರೆಂದು ಕಲ್ಲನ್ನು ಉಜ್ಜಿತು. ನಿಯಾಝ್ ಕಣ್ಣು ಮುಚ್ಚಿದ.

“ಯಾರೂ ಏನೂ ಬದಲಾಯಿಸಿಲ್ಲ ಎಂದೆಯಲ್ಲ” ಎಂದ ಮುಸ್ಫಿರ್. ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. “ಇವನ ಕಾಲೂ ಹಾಗೇ ಇತ್ತು. ಈಗ ಒಳಗೆ ಬೇರೆ ಕಬ್ಬಿಣ ಹಾಕಿದ್ದಾರೆ. ಅದರ ಮೇಲೂ ಏನೋ ನಂಬರು ಇರಬಹುದು, ನನಗೆ ಓದಲು ಬರುವುದಿಲ್ಲ.”

ಹುಡುಗ ತಂದೆಯನ್ನು ನೋಡಿ, ನಮ್ಮಿಬ್ಬರನ್ನೂ ನೋಡಿ, ಇವರಲ್ಲಿ ಯಾರು ಎಂದು ಕೇಳಿದ. ಮಂಜಿನಲ್ಲಿ ಅವನು ಮುಖ ಕಂಡಿರಲಿಲ್ಲ. ನಾನು ಎಂದು ನಿಯಾಝ್ ಹೇಳಿದ. ಹುಡುಗ ತಲೆ ಆಡಿಸಿ, ಎಡಗೈ ಚಾಚಿ ಅವನ ಕೈ ಕುಲುಕಿದ. ಬಲಗೈ ಬಂದೂಕಿನ ಮೇಲಿತ್ತು.

ಕೆಳಗೆ ಕರ್ನಲ್ ಆಗಲೇ ಬೆಳ್ಳಿಯ ಬಂದೂಕನ್ನು ತೊಡೆಯ ಮೇಲೆ ಇಟ್ಟುಕೊಂಡು ಕಾರಿನಲ್ಲಿ ಕೂತಿದ್ದ. ಅತಿಥಿಯನ್ನು ಬಾಗಿಲಿನಲ್ಲೇ ಬಿಟ್ಟು ಒಳಗೆ ಹೋಗುವುದು ಆ ಜನರಲ್ಲಿ ಇಲ್ಲ. ಹುಡುಗ ನಮ್ಮ ಜೊತೆ ಹೊರಟ. ಬೇಡ, ಬೇಡ ಎಂದು ನಿಯಾಝ್ ಅಂಗಲಾಚಿದರೂ ಕೇಳಲಿಲ್ಲ. ಒಂದು ಮೆಟ್ಟಿಲಿಗೆ ಬಂದೂಕಿನ ಬುಡ ಊರುವುದು, ಭಾರ ಬಿಡುವುದು, ನೆಟ್ಟಗಿನ ಕಾಲನ್ನು ಎತ್ತಿ ಇಳಿಸುವುದು, ಮತ್ತೆ ಮುಂದಿನ ಮೆಟ್ಟಿಲು. ನಿಯಾಝ್ ಅವನ ಮಗ್ಗುಲಲ್ಲೇ, ಮುಟ್ಟದೆ, ಬಿದ್ದರೆ ಹಿಡಿಯಲು ಎರಡೂ ಕೈ ಚಾಚಿಕೊಂಡು ಇಳಿಯುತ್ತಿದ್ದ. ಪ್ರತಿ ಮೆಟ್ಟಿಲಿಗೂ ತಗಡು ಕಲ್ಲಿಗೆ ತಾಗಿ ಸದ್ದಾಗುತ್ತಿತ್ತು. ನಿಯಾಝ್ ಒಂದು ಸಲವೂ ಬಂದೂಕಿನ ಕಡೆ ನೋಡಲಿಲ್ಲ, ಹುಡುಗನ ಕಾಲನ್ನೇ ನೋಡುತ್ತಿದ್ದ.